ಗ್ಯಾಸ್ಕೆಟ್ ಗಮ್ಮಿನಲ್ಲಿ ಅಂಟಿದ ಲಲಿತಕಲೆ

ನಾನು ಲಲಿತಕಲೆಯನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದವನಲ್ಲ. ಫ್ಯಾನನ್ನು ಹುಡುಕಿಕೊಂಡು ಹೋದವನು.

ಹೊನ್ನಾವರದ ಬಂದರಿನ ಹತ್ತಿರ ನನ್ನದೊಂದು ಅಂಗಡಿಯಿದೆ. ಮೀನುಗಾರಿಕೆ ದೋಣಿಗಳ ಇಂಜಿನ್ನಿಗೆ ಬೇಕಾದ ಬಿಡಿಭಾಗಗಳನ್ನು ಮಾರುತ್ತೇನೆ, ಜೊತೆಗೆ ಒಂದಿಷ್ಟು ರಿಪೇರಿಯನ್ನೂ ಮಾಡುತ್ತೇನೆ. ಈವರೆಗೆ ನಾನು ಬಿಚ್ಚಿದ ಇಂಜಿನ್ನುಗಳಿಗೆ ಲೆಕ್ಕವಿಲ್ಲ. ತಿರುಗಿ ಜೋಡಿಸಿದ ಮೇಲೆ ಒಂದೆರಡು ವಾಷರು ಉಳಿಯುವುದುಂಟು. ಉಳಿದರೆ ಏನಾಯಿತು, ಇಂಜಿನ್ನು ಹಗುರಾಗುತ್ತದೆ! ಹೀಗೆ ತಿಳಿದು ಬದುಕಿದವನು ನಾನು.

ಏಪ್ರಿಲ್ ತಿಂಗಳ ಮಧ್ಯಾಹ್ನ ನನ್ನ ಅಂಗಡಿಯ ತಗಡಿನ ಮಾಡಿನ ಕೆಳಗೆ ಕೂತವನಿಗೂ ಕಾವಲಿಯ ಮೇಲಿನ ಬಂಗುಡೆಗೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗಾಗಿ ಊಟವಾದ ಮೇಲೆ ಒಂದು ತಾಸು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂರುವ ಅಭ್ಯಾಸ ಮಾಡಿಕೊಂಡೆ. ಅಲ್ಲಿ ಮೂರು ಫ್ಯಾನುಗಳಿವೆ. ಮುಖದ ಮುಂದೆ ಪತ್ರಿಕೆ ಹಿಡಿದುಕೊಂಡರೆ ತೂಕಡಿಕೆಗೂ ಒಂದು ಗೌರವ ಬರುತ್ತದೆ.

ಐದನೆಯ ದಿನ ಗ್ರಂಥಪಾಲಕಿ ಸುನಂದಾ ಅಕ್ಕೋರು ನನ್ನ ಮೇಜಿನ ಹತ್ತಿರ ಬಂದು ನಿಂತರು. ನಮ್ಮ ಕಡೆ ಶಾಲೆಯ ಟೀಚರುಗಳನ್ನು ಅಕ್ಕೋರು ಎನ್ನುತ್ತಾರೆ. ಇವರು ಟೀಚರಲ್ಲ, ಕುಮಟಾದಿಂದ ದಿನಾ ಬಸ್ಸಿಗೆ ಬಂದು ಗ್ರಂಥಾಲಯ ನೋಡಿಕೊಳ್ಳುವವರು. ಆದರೆ ಕನ್ನಡಕದ ಮೇಲಿಂದ ಅವರು ನೋಡುವ ನೋಟಕ್ಕೆ ಊರಿನವರೆಲ್ಲ ತಾವಾಗಿಯೇ ಹಾಗೆ ಕರೆಯತೊಡಗಿದ್ದರು.

"ನಾಲ್ಕೈದು ದಿನದಿಂದ ಒಂದೇ ಪೇಪರ್ ಓದ್ತಾ ಇದ್ರಿ. ಎಂತ ವಿಶೇಷ?" ಎಂದು ಕೇಳಿದರು.

"ಮುಖ್ಯವಾದ ಸುದ್ದಿ ಅಕ್ಕೋರೆ. ಮುಂದೆ ಎಂತ ಆಗ್ತದೆ ಹೇಳಿ ಕಾಯ್ತಾ ಇದ್ದೆ."

"ಅದು ಹೋದ ತಿಂಗಳ ಪೇಪರ್. ಆಗೂದೆಲ್ಲ ಆಗಿ ಹೋತು."

ನಾನು ನಾಚಿಕೆಯಿಂದ ಪತ್ರಿಕೆ ಮಡಚಿಟ್ಟೆ. ಅವರು ನಗಲಿಲ್ಲ. "ಬನ್ನಿ, ಹೇಗೂ ಕೂತಿದ್ರಿ" ಎಂದು ನನ್ನನ್ನು ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲೊಂದು ಕಪಾಟು. ಮೇಲೆ 'ಲಲಿತಕಲೆ' ಎಂದು ಬರೆದಿತ್ತು. ಒಳಗೆ ಹಾಸುಗಲ್ಲಿನಂಥ ದಪ್ಪ ದಪ್ಪ ಪುಸ್ತಕಗಳು: ಚಿತ್ರ, ಶಿಲ್ಪ, ವಾಸ್ತು.

"ಬರುವ ತಿಂಗಳು ಕಾರವಾರದಿಂದ ಗ್ರಂಥಾಲಯ ಇಲಾಖೆ ಸಾಹೇಬ್ರು ಬರ್ತ್ರು. ಯಾರೂ ತಗೊಂಡು ಹೋಗದ ಪುಸ್ತಕ ಬೇರೆ ಊರಿಗೆ ಕಳಿಸೂದು ಅಂತ ಆಗಿದೆ. ಈ ಕಪಾಟಿಂದ ಒಂದು ಪುಸ್ತಕ ಹೊರಗೆ ಹೋಗದೆ ಎಷ್ಟೋ ವರ್ಷ ಆತು" ಎಂದರು. ಆಮೇಲೆ ಒಂದು ಪುಸ್ತಕದ ಬೆನ್ನನ್ನು ಸೆರಗಿನಿಂದ ಒರೆಸುತ್ತ, "ನಾನು ಇಲ್ಲಿ ಕಾಲೇಜಿಗೆ ಬರುವಾಗ ಇದನ್ನ ನೋಡ್ತಾ ಕೂತು ಎಷ್ಟು ಸಲ ಬಸ್ ತಪ್ಪಿಸ್ಕೊಂಡಿದ್ದೆ. ಮನೇಲಿ ಬೈಸ್ಕೊಂಡಿದ್ದೆ" ಎಂದರು.

ಹೆಂಗಸರು ಸೆರಗಿನಿಂದ ಪುಸ್ತಕ ಒರೆಸುವುದನ್ನು ಕಂಡರೆ ನನ್ನಂಥವನ ಮನಸ್ಸು ಕರಗಿಬಿಡುತ್ತದೆ.

"ಕೊಡಿ ಅಕ್ಕೋರೆ. ನಾನು ಓದ್ತೆ!" ಎಂದುಬಿಟ್ಟೆ.

ಅವರ ಮುಖ ಅರಳಿತು. ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ ಕೊಡುತ್ತ ಒಂದು ಮಾತು ಹೇಳಿದರು: "ಚಿತ್ರ ನೋಡೂಕೆ ಅವಸರ ಮಾಡಬೇಡಿ. ಎದುರಿಗೆ ಕಾಣೂದಷ್ಟೇ ಚಿತ್ರ ಅಲ್ಲ."

ಈ ಒಂದು ವಾಕ್ಯವೇ ಮುಂದೆ ನನ್ನನ್ನು ಹಾಳು ಮಾಡಿತು.

ಪುಸ್ತಕವನ್ನು ಅಂಗಡಿಗೆ ತಂದು, ಸಂಜೆ ಮನೆಗೆ ಹೊರಡುವಾಗ ಗೋಣಿಚೀಲಕ್ಕೆ ಹಾಕಿದೆ. ಅದೇ ಚೀಲದಲ್ಲಿ ಮರುದಿನ ಬೆಳಿಗ್ಗೆ ಒಬ್ಬರಿಗೆ ಮುಟ್ಟಿಸಬೇಕಾದ ದೋಣಿಯ ಪ್ರೊಪೆಲ್ಲರೂ ಇತ್ತು. ಹಿತ್ತಾಳೆಯದು. ಅದನ್ನು ಕೆಳಗೆ, ಪುಸ್ತಕವನ್ನು ಮೇಲೆ ಇಡಬೇಕಿತ್ತು. ನಾನು ಪುಸ್ತಕವನ್ನು ಕೆಳಗಿಟ್ಟೆ. ಚೀಲವನ್ನು ಸ್ಕೂಟರಿನ ಹಿಂದೆ ಕಟ್ಟಿದೆ. ಹೆದ್ದಾರಿಯ ಹೊಂಡಗಳಲ್ಲಿ ಒಂದನ್ನೂ ಬಿಡದೆ ಸ್ಕೂಟರು ಹಾರಿಸಿದೆ.

ಮನೆಯಲ್ಲಿ ಚೀಲ ಬಿಚ್ಚಿದರೆ ಪುಸ್ತಕದ ಬೆನ್ನು ಮುರಿದಿತ್ತು! ರಟ್ಟು ಒಂದು ಕಡೆ, ಹಾಳೆಗಳು ಇನ್ನೊಂದು ಕಡೆ. ಅಕ್ಕೋರ ಮುಖ ಕಣ್ಣ ಮುಂದೆ ಬಂತು. ಮರುಕ್ಷಣ ಇನ್ನೊಂದು ವಿಚಾರವೂ ಬಂತು: ಆರು ಸಿಲಿಂಡರಿನ ಇಂಜಿನ್ನನ್ನು ಜೋಡಿಸುವವನಿಗೆ ಇದೆಂಥ ದೊಡ್ಡ ಕೆಲಸ?

ಪುಸ್ತಕದ ರಚನೆ ಬಹಳ ಸರಳವಾಗಿತ್ತು. ಎಡಗಡೆಯ ಒರಟು ಹಾಳೆಯಲ್ಲಿ ಒಂದು ಚಿತ್ರದ ಹೆಸರು, ವಿವರಣೆ. ಬಲಗಡೆಯ ನುಣುಪು ಹಾಳೆಯಲ್ಲಿ ಆ ಚಿತ್ರ. ಹೀಗೆ ಇಪ್ಪತ್ನಾಲ್ಕು. ಇಂಜಿನ್ನು ಬಿಚ್ಚಿದಾಗ ಒಂದೇ ಜಾತಿಯ ಭಾಗಗಳನ್ನು ಒಂದೇ ಕಡೆ ಇಡುವುದು ನಮ್ಮ ಕಸುಬಿನ ಶಿಸ್ತು. ಅದರಂತೆ ವಿವರಣೆಯ ಹಾಳೆಗಳನ್ನು ಒಂದು ಕಟ್ಟು, ಚಿತ್ರಗಳನ್ನು ಒಂದು ಕಟ್ಟು ಮಾಡಿ ಅಡುಗೆಮನೆಯ ನೆಲದ ಮೇಲೆ ಇಟ್ಟೆ. ಬೆವರು ಇಳಿಯುತ್ತಿತ್ತೆಂದು ಟೇಬಲ್ ಫ್ಯಾನು ಹಾಕಿದೆ. ಆಮೇಲೆ ಇಸ್ಪೀಟಿನ ಎಲೆ ಹಂಚುವಂತೆ ಒಂದು ವಿವರಣೆ, ಒಂದು ಚಿತ್ರ, ಒಂದು ವಿವರಣೆ, ಒಂದು ಚಿತ್ರ ಎಂದು ಜೋಡಿಸುತ್ತ ಗ್ಯಾಸ್ಕೆಟ್ ಗಮ್ಮು ಹಚ್ಚಿದೆ. ಇಂಜಿನ್ನಿನ ಸಂದುಗಳಿಂದ ಎಣ್ಣೆ ಸೋರದಂತೆ ಹಚ್ಚುವ ಕಪ್ಪು ಗಮ್ಮು ಅದು. ಉಪ್ಪುನೀರಿಗೂ ಬಿಡುವುದಿಲ್ಲ, ಬೆಂಕಿಗೂ ಬಿಡುವುದಿಲ್ಲ. ಮೇಲೆ ಅದೇ ಪ್ರೊಪೆಲ್ಲರನ್ನು ಭಾರಕ್ಕೆ ಇಟ್ಟೆ.

ಬೆಳಿಗ್ಗೆ ಪುಸ್ತಕ ಕಬ್ಬಿಣದಂತಾಗಿತ್ತು. ಇಪ್ಪತ್ನಾಲ್ಕನೆಯ ವಿವರಣೆಯ ಎದುರಿಗೆ ಮಾತ್ರ ಚಿತ್ರವಿರಲಿಲ್ಲ, ರಟ್ಟಿನ ಒಳಮೈಯ ಬಿಳಿ ಹಾಳೆ ಇತ್ತು. ಹಾಗೇ ಇದ್ದಿರಬೇಕು ಎಂದುಕೊಂಡೆ. ಹಳೆಯ ಪುಸ್ತಕ, ದೊಡ್ಡವರು ಮಾಡಿದ್ದು, ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತೇ?

ಆ ದಿನದಿಂದ ನನ್ನ ಕಲಾಧ್ಯಯನ ಆರಂಭವಾಯಿತು.

ಮೊದಲನೆಯ ಹಾಳೆಯಲ್ಲಿ 'ಕಲಾವಿದನ ತಾಯಿ' ಎಂದಿತ್ತು. 'ಈ ಮುಖದ ಸುಕ್ಕುಗಳಲ್ಲಿ ಒಂದು ಜೀವಮಾನದ ತ್ಯಾಗವನ್ನು ಓದಬಹುದು' ಎಂದು ಕೆಳಗೆ ಬರೆದಿತ್ತು. ಎದುರಿಗಿನ ಚಿತ್ರದಲ್ಲಿ ಒಂದು ಬುಟ್ಟಿ ಬದನೆಕಾಯಿ ಇತ್ತು, ಪಕ್ಕದಲ್ಲಿ ಎರಡು ನೀರುಳ್ಳಿ. ಮೊದಲು ನನಗೆ ಸ್ವಲ್ಪ ಗಲಿಬಿಲಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಎದುರಿಗೆ ಕಾಣುವುದಷ್ಟೇ ಚಿತ್ರವಲ್ಲವಲ್ಲ! ಅರ್ಧ ತಾಸು ಕಣ್ಣು ಕೀಲಿಸಿ ನೋಡಿದೆ. ನಡುವಿನ ಬದನೆಕಾಯಿಯ ತೊಟ್ಟು ನಿಧಾನವಾಗಿ ಒಂದು ಬಾಗಿದ ಮೂಗಾಯಿತು. ನೀರುಳ್ಳಿಗಳು ದಣಿದ ಕಣ್ಣುಗಳಾದವು. ಮಕ್ಕಳಿಗಾಗಿ ತನ್ನನ್ನೇ ಹೋಳು ಮಾಡಿಕೊಂಡು ಸಾರಿಗೆ ಬೀಳುವ ತಾಯಿ! ನನಗೆ ಅಳು ಬಂತು. ನಿಜವಾಗಿಯೂ ಅತ್ತೆ.

ಎರಡನೆಯದು 'ಅಡುಗೆಮನೆಯ ಮೂಲೆ'. 'ನೋಡುತ್ತಿದ್ದಂತೆ ಮನಸ್ಸಿಗೆ ನೆಮ್ಮದಿ, ಹೊಟ್ಟೆಗೆ ಹಸಿವು' ಎಂದಿತ್ತು. ಎದುರಿಗೆ ಕಡಲು ಉಕ್ಕೇರಿ, ಹಡಗೊಂದು ಮಗುಚುತ್ತಿತ್ತು. ಈಗ ನನಗೆ ಅಭ್ಯಾಸವಾಗಿತ್ತು, ಐದೇ ನಿಮಿಷ ಸಾಕಾಯಿತು. ಮೀನುಗಾರನ ಅಡುಗೆಮನೆ ಕಡಲಲ್ಲದೆ ಇನ್ನೇನು!

ಮೂರನೆಯದು 'ಬಿರುಗಾಳಿ'. ಎದುರಿಗೆ ದೊಡ್ಡ ಹೊಟ್ಟೆಯ, ದಪ್ಪ ಮೀಸೆಯ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ. ಬಿರುಗಾಳಿ ಎಲ್ಲಿದೆ ಎಂದು ಕೇಳುವವನು ದಡ್ಡ. ಅದು ಹೊಟ್ಟೆಯೊಳಗಿದೆ.

ನಾಲ್ಕನೆಯದು 'ಜಮೀನ್ದಾರ'. ಅದನ್ನು ನೋಡುತ್ತ ಕೂತಿದ್ದಾಗ ನನ್ನ ಹೆಂಡತಿ ಸುಶೀಲಾ ಬಂದಳು. ಅವಳು ಮಂಕಿಯ ಮೀನುಗಾರರ ಮನೆಯ ಮಗಳು. ಹೊನ್ನಾವರದ ಮೀನು ಮಾರುಕಟ್ಟೆಯಲ್ಲಿ ಅವಳದು ಖಾಯಂ ಜಾಗ.

"ಇದೆಂತ, ಮೀನು ನೋಡ್ತಾ ಕೂತ್ರಿ? ನನ್ನ ಬುಟ್ಟೀಲಿ ಸಾಕಷ್ಟು ಕಾಣಲಿಲ್ವಾ?"

"ಇದು ಮೀನಲ್ಲ ಸುಶೀಲಾ. ಊರನ್ನೇ ನಡುಗಿಸಿದ ಜಮೀನ್ದಾರ."

ಅವಳು ಕೈ ಒರೆಸಿಕೊಂಡು ಬಗ್ಗಿ ನೋಡಿದಳು. "ಕಣ್ಣು ಒಳಗೆ ಹೋಗಿದ್ದು ಕಾಣೂದಿಲ್ವಾ? ಕಿವಿರು ಕಪ್ಪಾಗಿ ಹೋತು. ಮೂರು ದಿನದ ಮೀನು. ನಿಮ್ಮ ಜಮೀನ್ದಾರನ್ನ ಪುಕ್ಕಟೆ ಕೊಟ್ರೂ ನಾನು ತಗಳೂದಿಲ್ಲ."

ಅಯ್ಯೋ ಪಾಪ, ಇವಳಿಗೆ ಕಲೆಯ ಗಂಧವಿಲ್ಲವಲ್ಲ ಎಂದು ಮರುಗಿದೆ.

ಮನೆಯಲ್ಲಿ ಕೇಳುವವರಿಲ್ಲದೆ ನನ್ನ ಜ್ಞಾನ ಅಂಗಡಿಯಲ್ಲಿ ಹರಿಯತೊಡಗಿತು. ಡೀಸೆಲ್ ಫಿಲ್ಟರ್ ಕೇಳಲು ಬಂದ ದೋಣಿಯವರಿಗೆ ಮೊದಲು ಬಿರುಗಾಳಿಯ ಬಗ್ಗೆ ಹತ್ತು ನಿಮಿಷ, ಆಮೇಲೆ ಫಿಲ್ಟರ್. ಪುಸ್ತಕವನ್ನು ಹಿಂದಿರುಗಿಸದೆ ಅವಧಿಯನ್ನು ಎರಡು ಸಲ ಮುಂದೂಡಿಸಿಕೊಂಡೆ. ಸುದ್ದಿ ಸುನಂದಾ ಅಕ್ಕೋರಿಗೆ ಮುಟ್ಟಿತು. ಒಂದು ಮಧ್ಯಾಹ್ನ ಅವರೇ ಅಂಗಡಿಗೆ ಬಂದರು! ಕಣ್ಣಲ್ಲಿ ನೀರೊಂದು ಬಾಕಿ.

"ನಿಮ್ಮಂಥವರು ಒಬ್ರು ಸಿಕ್ಕಿದ್ರಲಾ, ನನಗೆ ಅಷ್ಟೇ ಸಾಕು. ಈ ಆದಿತ್ಯವಾರ ಸಾಹೇಬ್ರು ಬರ್ತ್ರು. ಗ್ರಂಥಾಲಯದಲ್ಲೇ ಒಂದು ಕಾರ್ಯಕ್ರಮ ಇಟ್ಟಿದ್ದೆ. ಆ ಪುಸ್ತಕ ಹಿಡ್ಕೊಂಡು ನೀವು ನಾಲ್ಕು ಮಾತಾಡಿ. ಜನ ಬಂದು ಕೇಳೂದನ್ನ ಅವರು ಕಣ್ಣಾರೆ ಕಂಡ್ರೆ ಕಪಾಟು ಉಳೀತದೆ."

"ನಾಲ್ಕು ಎಂತಕ್ಕೆ ಅಕ್ಕೋರೆ? ಇಪ್ಪತ್ನಾಲ್ಕು ಚಿತ್ರಕ್ಕೂ ಮಾತಾಡ್ತೆ!" ಎಂದೆ.

ಆದಿತ್ಯವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪುಸ್ತಕವನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಗ್ರಂಥಾಲಯದ ಮೆಟ್ಟಿಲು ಹತ್ತಿದೆ. ಐವತ್ತು ಜನರಾದರೂ ಇದ್ದರು. ಅರ್ಧದಷ್ಟು ನನ್ನ ಗಿರಾಕಿಗಳು. ಫಿಲ್ಟರಿನ ಭಯಕ್ಕೆ ಬಂದವರು. ಮುಂದಿನ ಸಾಲಿನಲ್ಲಿ ಕಾರವಾರದ ಸಾಹೇಬರು, ಕೈಯಲ್ಲಿ ಡೈರಿ. ಅವರ ಪಕ್ಕದಲ್ಲಿ ಭಟ್ಕಳದಿಂದ ಬಂದ ನಿವೃತ್ತ ಡ್ರಾಯಿಂಗ್ ಮಾಸ್ತರು, ಇಸ್ಮಾಯಿಲ್ ಮಾಸ್ತರು. ಬಿಳಿ ಗಡ್ಡ, ಮೆದು ದನಿ, ಇಸ್ತ್ರಿಯ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಸುಶೀಲಾ ಮಾತ್ರ ಮಾರುಕಟ್ಟೆಯ ವ್ಯಾಪಾರ ಮುಗಿಸಿ, ಮನೆಗೆ ಹೋಗಿ ಕೈಕಾಲು ತೊಳೆದು ಬರುವುದಾಗಿ ಹೇಳಿದ್ದಳು.

ನಾನು ಗಂಟಲು ಸರಿಮಾಡಿಕೊಂಡು ಮೊದಲ ಚಿತ್ರವನ್ನು ಎತ್ತಿ ಹಿಡಿದೆ.

"ಮಹನೀಯರೇ, ಮಹಿಳೆಯರೇ! ಕಲಾವಿದನ ತಾಯಿ!"

ನಾನು ತ್ಯಾಗದ ಬಗ್ಗೆ, ಸುಕ್ಕುಗಳ ಬಗ್ಗೆ, ಬಾಗಿದ ಮೂಗಿನ ಬಗ್ಗೆ ಗದ್ಗದ ಕಂಠದಿಂದ ಮಾತಾಡಿದೆ. ಇಸ್ಮಾಯಿಲ್ ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಮೆಲ್ಲಗೆ ಕೈ ಎತ್ತಿದರು.

"ಮಾಫ್ ಮಾಡಿ. ತಾಯಿ ಎಲ್ಲಿದ್ದಾರೆ?"

"ನೋಡುವ ಕಣ್ಣಿಗೆ ಕಾಣ್ತಾರೆ ಮಾಸ್ತರೆ!" ಎಂದೆ, ಕರುಣೆಯಿಂದ.

ಮೂರನೆಯ ಸಾಲಿನಿಂದ ಒಬ್ಬ ಹೆಂಗಸು, "ಹೌದು, ನನಗೆ ಕಂಡ್ತು!" ಎಂದು ಕೂಗಿದಳು. ಪಕ್ಕದವಳು ತನಗೂ ಕಂಡಿತು ಎಂದಳು. ಒಬ್ಬ ದೋಣಿಯವನಿಗೆ ತಾಯಿಯ ಜೊತೆ ಅತ್ತೆಯೂ ಕಂಡಳಂತೆ. ಸಾಹೇಬರು ತಲೆದೂಗಿ ಡೈರಿಯಲ್ಲಿ ಏನೋ ಬರೆದುಕೊಂಡರು. ನನ್ನ ಉತ್ಸಾಹ ಇಮ್ಮಡಿಯಾಯಿತು.

ಬಾಗಿಲ ಹತ್ತಿರ ನಿಂತಿದ್ದ ಸುನಂದಾ ಅಕ್ಕೋರ ಮುಖ ಮಾತ್ರ ಬಣ್ಣಗೆಟ್ಟಿತ್ತು. ಆ ಪುಸ್ತಕದ ಒಂದೊಂದು ಚಿತ್ರವೂ ಅವರಿಗೆ ಬಾಯಿಪಾಠ ಎಂಬುದನ್ನು ನಾನು ಮರೆತಿದ್ದೆ. ಅವರು ಎರಡೂ ಕೈಗಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ಸಾಕು, ನಿಲ್ಲಿಸಿ ಎಂದು ಅದರ ಅರ್ಥವಂತೆ. ಇನ್ನೂ ಜೋರಾಗಿ ಎಂದು ನಾನು ತಿಳಿದೆ. ಇನ್ನೂ ಜೋರಾಗಿ ಹೇಳಿದೆ!

ಕಡಲಿನಲ್ಲಿ ಮಗುಚುವ ಹಡಗನ್ನು ತೋರಿಸಿ, "ಈ ಅಡುಗೆಮನೆ ನೋಡಿದ್ರೆ ನಿಮಗೆ ಹಸಿವಾಗೂದಿಲ್ವಾ?" ಎಂದು ಕೇಳಿದೆ. ಹೊಟ್ಟೆಯವನ ಚಿತ್ರದಲ್ಲಿ ಅಲೆಗಳು ಎಲ್ಲೆಲ್ಲಿ ಏಳುತ್ತಿವೆ ಎಂದು ಬೆರಳಿಟ್ಟು ತೋರಿಸಿದೆ. ಮೀನಿನ ತಟ್ಟೆಯನ್ನು ಎತ್ತಿ ಹಿಡಿದು, "ಈ ಜಮೀನ್ದಾರನ ಗತ್ತು ನೋಡಿ!" ಎಂದು ಗರ್ಜಿಸಿದೆ. ಐದನೆಯದಂತೂ ಹೇಳುವುದೇ ಬೇಡ. ವಿವರಣೆಯಲ್ಲಿ 'ತಟ್ಟೆಯಲ್ಲಿ ಮೀನು' ಎಂದಿತ್ತು, ಚಿತ್ರದಲ್ಲಿ ಆರು ಜನ ನರ್ತಕಿಯರಿದ್ದರು. ಅವರ ಈಜುರೆಕ್ಕೆಗಳನ್ನು ಒಂದೊಂದಾಗಿ ವರ್ಣಿಸಿದೆ. ಇಸ್ಮಾಯಿಲ್ ಮಾಸ್ತರು ಕನ್ನಡಕವನ್ನು ತೆಗೆದು ಜೇಬಿಗೇ ಹಾಕಿಕೊಂಡರು.

ಹೀಗೆ ಒಂದೂಕಾಲು ತಾಸು. ಕೊನೆಗೆ ಇಪ್ಪತ್ನಾಲ್ಕನೆಯದು ಬಂತು. ನನ್ನ ಅತ್ಯಂತ ಪ್ರೀತಿಯ ಕೃತಿ. ಹೆಸರು 'ಮುಂಜಾವಿನ ಮಂಜು'.

ನಾನು ಬಿಳಿ ಹಾಳೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತೋರಿಸಿದೆ.

"ನೋಡಿ! ಮಂಜು ಎಷ್ಟು ದಟ್ಟವಾಗಿದೆ ಅಂದರೆ ಮರ ಕಾಣೂದಿಲ್ಲ, ಮನೆ ಕಾಣೂದಿಲ್ಲ, ನದಿ ಕಾಣೂದಿಲ್ಲ! ಎಂತದೂ ಕಾಣೂದಿಲ್ಲ! ಒಂದು ಗೆರೆ ಎಳೀದೆ ಇಷ್ಟು ಮಂಜು ಬರೆದವನು ಲೋಕದಲ್ಲಿ ಇನ್ನೊಬ್ಬ ಇದ್ದಾನಾ?"

ಸಾಹೇಬರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಅಷ್ಟರಲ್ಲಿ ಬಾಗಿಲಿನಿಂದ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ದನಿ ಕೇಳಿತು.

"ಇಲ್ ಕೇಳಿ! ನಿಮ್ಮ ಪುಸ್ತಕದ್ದು ಒಂದು ಹಾಳೆ ಅಕ್ಕಿ ಡಬ್ಬದ ಹಿಂದೆ ಬಿದ್ದಿತ್ತು. ಬೇಕಾಗ್ತದೇನೋ ಹೇಳಿ ತಂದೆ."

ಸುಶೀಲಾ! ಸೀರೆ ಬದಲಾಯಿಸಿ, ತಲೆಗೆ ಅಬ್ಬಲಿಗೆ ಮುಡಿದು, ಕೈಯಲ್ಲಿ ಒಂದು ನುಣುಪು ಹಾಳೆ ಹಿಡಿದು ನಿಂತಿದ್ದಳು. ಅದರಲ್ಲಿ ಒಬ್ಬ ಮುದುಕಿ. ಬಾಗಿದ ಮೂಗು. ದಣಿದ ಕಣ್ಣು. ಮುಖದ ತುಂಬ ಸುಕ್ಕು.

ಸುನಂದಾ ಅಕ್ಕೋರು ಹಾಳೆಯನ್ನು ಕಸಿದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ಹಿಂದೆ ಒಂದು ಅಂತ ನಂಬರ್ ಇದೆ. ಇದು ಮೊದಲನೇ ಚಿತ್ರ. ಇದೇ ತಾಯಿ!" ಎಂದರು.

ಟೇಬಲ್ ಫ್ಯಾನು! ಚಿತ್ರಗಳ ಕಟ್ಟಿನ ಮೇಲಿದ್ದ ಮೊದಲ ಹಾಳೆಯನ್ನು ಆ ಫ್ಯಾನು ಹಾರಿಸಿತ್ತು. ಅಲ್ಲಿಂದ ಮುಂದೆ ಪ್ರತಿಯೊಂದು ವಿವರಣೆಗೂ ಅದರ ಮುಂದಿನ ಚಿತ್ರವನ್ನು ನಾನೇ ನನ್ನ ಕೈಯಾರೆ ಅಂಟಿಸಿದ್ದೆ. ತಾಯಿಗೆ ಬದನೆಕಾಯಿ, ಅಡುಗೆಮನೆಗೆ ಕಡಲು, ಬಿರುಗಾಳಿಗೆ ಜಮೀನ್ದಾರ, ಜಮೀನ್ದಾರನಿಗೆ ಮೀನು. ಮಂಜಿಗೆ ಚಿತ್ರವೇ ಉಳಿದಿರಲಿಲ್ಲ!

"ಪುಸ್ತಕಕ್ಕೆ ಎಂತ ಮಾಡಿದ್ರಿ?" ಎಂದು ಅಕ್ಕೋರು ಕೇಳಿದರು.

ಐವತ್ತು ಜನರ ಎದುರಿಗೆ ನಾನು ಪ್ರೊಪೆಲ್ಲರಿನಿಂದ ಹಿಡಿದು ಗ್ಯಾಸ್ಕೆಟ್ ಗಮ್ಮಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಮಾತಾಡಿದವನಲ್ಲ. ಅಕ್ಕೋರು ಒಂದು ಹಾಳೆಯನ್ನು ಮೆಲ್ಲಗೆ ಎಳೆದು ನೋಡಿದರು. ಬರಲಿಲ್ಲ. ಮಾಸ್ತರು ಎಳೆದರು. ಬರಲಿಲ್ಲ. "ಬರೂದಿಲ್ಲ, ಒಳ್ಳೆ ಕಂಪನಿ ಗಮ್ಮು" ಎಂದು ನಾನು ಅಭ್ಯಾಸಬಲದಿಂದ ಹೇಳಿಬಿಟ್ಟೆ.

ಮೊದಲು ನಕ್ಕವರು ಸಾಹೇಬರು. ಡೈರಿ ಕೆಳಗೆ ಬಿತ್ತು. ಆಮೇಲೆ ಇಡೀ ಗ್ರಂಥಾಲಯ ನಕ್ಕಿತು. ನನ್ನ ಗಿರಾಕಿಗಳು ಒಬ್ಬರ ಮೇಲೊಬ್ಬರು ಬಿದ್ದರು. ತಾಯಿ ಕಂಡಿತು ಎಂದು ಕೂಗಿದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸುಶೀಲಾ ಮಾತ್ರ ನಗಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು, ಪುಸ್ತಕ ತೆರೆದು, ಮೀನಿನ ತಟ್ಟೆಯನ್ನು ಸಾಹೇಬರಿಗೆ ತೋರಿಸಿ ಹೇಳಿದಳು: "ನಾನು ಅವತ್ತೇ ಹೇಳಿದ್ದೆ. ಇದು ಮೀನು. ಅದೂ ಮೂರು ದಿನದ್ದು."

ಇಸ್ಮಾಯಿಲ್ ಮಾಸ್ತರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದರು. "ಬರಾಬರ್! ಕಣ್ಣು ನೋಡಿ, ಕಿವಿರು ನೋಡಿ. ಹಳೆ ಮೀನನ್ನೇ ಬರೆದಿದ್ದಾನೆ. ಚಿತ್ರ ನೋಡೂದು ಅಂದ್ರೆ ಹೀಗೆ, ಅಕ್ಕ!" ಎಂದರು.

ಒಂದೂಕಾಲು ತಾಸು ಮಾತಾಡಿದ ನನಗೆ ಅಂಥದೊಂದು ಮೆಚ್ಚುಗೆಯ ಮಾತು ಸಿಕ್ಕಿರಲಿಲ್ಲ.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಯಾವ ವಿವರಣೆ ಯಾವ ಚಿತ್ರದ್ದು ಎಂದು ಕಂಡುಹಿಡಿಯಲು ಜನ ಪುಸ್ತಕಕ್ಕೆ ಮುಗಿಬಿದ್ದರು. ಅದು ಸಿಗದವರು ಕಪಾಟಿನಿಂದ ಬೇರೆ ಪುಸ್ತಕ ತೆಗೆದು ನೆಲದ ಮೇಲೆ ಕೂತರು. ಮಧ್ಯಾಹ್ನ ಊಟದ ಹೊತ್ತಾದರೂ ಏಳಲಿಲ್ಲ. ಒಬ್ಬ ದೋಣಿಯವನು ಶಿಲ್ಪದ ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡು ಮನೆಗೇ ಒಯ್ದ. ಸುಶೀಲಾ ತನ್ನ ಹೆಸರಿನಲ್ಲೇ ಸದಸ್ಯತ್ವದ ಕಾರ್ಡು ಮಾಡಿಸಿದಳು. ಸಾಹೇಬರು ಹೊರಡುವಾಗ, "ಈ ಕಪಾಟನ್ನು ಮುಟ್ಟೂದು ಬೇಡ" ಎಂದು ಅಕ್ಕೋರಿಗೆ ಹೇಳಿದರು. ಅಕ್ಕೋರು ಕಣ್ಣೊರೆಸಿಕೊಂಡರು. ನಾನು ಈ ಯಶಸ್ಸಿನಲ್ಲಿ ನನ್ನ ಪಾಲನ್ನು ವಿನಯದಿಂದ ಸ್ವೀಕರಿಸಲು ಮುಂದೆ ಹೋದೆ. ಸಾಹೇಬರು ನನ್ನ ಕೈ ಕುಲುಕಿ, "ನೀವು ಮಾತ್ರ ಮುಟ್ಟಬೇಡಿ" ಎಂದರು.

ಅಕ್ಕೋರು ಹದಿನೈದು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆಮೇಲೆ ಅವರೇ ಕರೆದು ಬಿಳಿ ಚೀಟಿಗಳ ಕಟ್ಟು ಕೊಟ್ಟರು. ಅವರು ಹೇಳಿಕೊಟ್ಟಂತೆ ಇಪ್ಪತ್ಮೂರು ಚಿತ್ರಗಳ ಕೆಳಗೂ ಸರಿಯಾದ ಹೆಸರು ಬರೆದು, ಸಾದಾ ಗೋಂದಿನಿಂದ, ಅವರ ಕಣ್ಣೆದುರಿಗೇ ಅಂಟಿಸಿದೆ. ತಾಯಿಯನ್ನು ಮೊದಲ ಪುಟದಲ್ಲಿ ಅವರೇ ಕೂರಿಸಿದರು.

ಈಗ ಪ್ರತಿ ಆದಿತ್ಯವಾರ ಇಸ್ಮಾಯಿಲ್ ಮಾಸ್ತರು ಭಟ್ಕಳದಿಂದ ಬಂದು ಗ್ರಂಥಾಲಯದಲ್ಲಿ ದೊಡ್ಡವರಿಗೆ ಚಿತ್ರ ಕಲಿಸುತ್ತಾರೆ. ಹತ್ತು ಹನ್ನೆರಡು ಜನ ಬರುತ್ತಾರೆ, ಸುಶೀಲಾ ಮುಂದಿನ ಸಾಲು. ಹೋದ ವಾರ ನಾನು ಒಳಗೆ ಹೋದಾಗ ಮಾಸ್ತರು, "ಬನ್ನಿ, ಬನ್ನಿ. ಇಲ್ಲಿ ಕೂತ್ಕೊಳ್ಳಿ" ಎಂದು ಕಿಟಕಿಯ ಹತ್ತಿರದ ಸ್ಟೂಲನ್ನು ತೋರಿಸಿದರು. ಎಲ್ಲರ ದೃಷ್ಟಿ ನನ್ನ ಕಡೆಗಿತ್ತು, ಎಲ್ಲರ ಕೈಯಲ್ಲೂ ಪೆನ್ಸಿಲ್ ಇತ್ತು. ನನಗೆ ಅರ್ಥವಾಯಿತು. ಎದೆ ಉಬ್ಬಿಸಿ, ಗಲ್ಲವನ್ನು ತುಸು ಮೇಲೆತ್ತಿ, ದೂರದ ಶರಾವತಿಯನ್ನು ನೋಡುತ್ತ ಕೂತೆ. ಸೊಳ್ಳೆ ಕಚ್ಚಿದರೂ ಅಲುಗಾಡಲಿಲ್ಲ. ಮುಕ್ಕಾಲು ತಾಸು ಕಣ್ಣು ಮಿಟುಕಿಸುವುದಕ್ಕೂ ಹಿಂದೆಮುಂದೆ ನೋಡಿದೆ.

ಆಗ ಮಾಸ್ತರು ಮೆಲ್ಲಗೆ ಹತ್ತಿರ ಬಂದು ನನ್ನ ಭುಜ ಮುಟ್ಟಿದರು.

"ತಪ್ಪು ತಿಳೀಬೇಡಿ. ಸ್ವಲ್ಪ ಆ ಕಡೆ ಸರೀತೀರಾ? ನಿಮ್ಮ ಹಿಂದಿನ ಕೊಡಪಾನ ಇವರಿಗೆ ಅರ್ಧ ಮಾತ್ರ ಕಾಣ್ತಾ ಇದೆಯಂತೆ."